ಬಡಿಸುವವರಿಗೆ ಗೊತ್ತಿರಬೇಕಾದ ಮದ್ಯದ ಲೆಕ್ಕ

ಬೆಂಗಳೂರಿನ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರ ಕಲಿಸುವ ಪಾಠ ಹೆಚ್ಚೂಕಡಿಮೆ ಎಲ್ಲ ಕಡೆಯೂ ಒಂದೇ: ಟೇಬಲ್ ನಂಬರ್, ಬ್ರಾಂಡುಗಳ ಹೆಸರು, ರೇಟು, ಟ್ರೇ ಹಿಡಿಯುವ ರೀತಿ, ಗ್ಲಾಸ್ ಖಾಲಿಯಾದದ್ದು ಕಂಡ ಕೂಡಲೇ ‘ರಿಪೀಟ್ ಮಾಡ್ಲಾ ಸರ್?’ ಎಂದು ಕೇಳುವುದು. ಆ ಗ್ಲಾಸಿನಲ್ಲಿದ್ದದ್ದು ಗಿರಾಕಿಯ ಹೊಟ್ಟೆಗೆ ಇಳಿದ ಮೇಲೆ ಏನಾಗುತ್ತದೆ ಎಂಬುದನ್ನು ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ. ಈ ಲೇಖನ ಆ ಪಾಠಕ್ಕೆ ಮೀಸಲು. ನೀವು ಕುಡಿಯುವವರೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಕುಡಿಯುತ್ತಾ ಕೂತವರಿಗೆ ತಾವೆಷ್ಟು ಕುಡಿದೆವೆಂಬ ಅಂದಾಜು ಬೇಗನೇ ತಪ್ಪತೊಡಗುತ್ತದೆ. ಆಮೇಲೆ ಆ ಟೇಬಲಿನ ಲೆಕ್ಕವನ್ನು ಸರಿಯಾಗಿ ಇಡಬಲ್ಲವರು ಬಡಿಸುವ ನೀವೇ.

ಮೊದಲು ಅಳತೆ. ಬಿಯರಾಗಲಿ, ವಿಸ್ಕಿಯಾಗಲಿ, ವೈನಾಗಲಿ, ಅಮಲು ತರುವ ವಸ್ತು ಒಂದೇ: ಎಥನಾಲ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳ ಲೇಬಲ್ ತಿರುಗಿಸಿ ನೋಡಿ, ಸಾಮಾನ್ಯವಾಗಿ ಶೇ 42.8 ಎಂದಿರುತ್ತದೆ. ಅಂದರೆ 30 ಮಿಲಿಲೀಟರಿನ ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 13 ಮಿಲಿಲೀಟರ್ ಎಥನಾಲ್. ತೂಕದಲ್ಲಿ 10 ಗ್ರಾಂ. ಈ 10 ಗ್ರಾಮನ್ನು ಒಂದು ಯೂನಿಟ್ ಎಂದಿಟ್ಟುಕೊಳ್ಳಿ. ಸ್ಮಾಲ್ ಒಂದು ಯೂನಿಟ್, ಲಾರ್ಜ್ ಎರಡು, ನೈಂಟಿ ಮೂರು, ಕ್ವಾರ್ಟರ್ ಆರು. ಇಷ್ಟು ಬಾಯಿಪಾಠವಾದರೆ ಅರ್ಧ ಕೆಲಸ ಮುಗಿಯಿತು.

ಹೊಸಬರು ಎಡವುವುದು ಬಿಯರ್‌ನಲ್ಲಿ. ‘ಬಿಯರ್ ತಾನೇ, ಏನಾಗುತ್ತೆ’ ಎಂಬ ಮಾತು ಗಿರಾಕಿಗಳ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆಯೆಂದರೆ ಬಡಿಸುವವರೂ ಅದನ್ನೇ ನಂಬಿಬಿಡುತ್ತಾರೆ. 650 ಮಿಲಿಲೀಟರಿನ ಬಾಟಲಿ, ಶೇ 8ರ ಸ್ಟ್ರಾಂಗ್ ಬಿಯರ್ ಎಂದುಕೊಳ್ಳಿ. ಅದರಲ್ಲಿರುವ ಎಥನಾಲ್ 41 ಗ್ರಾಂ. ಒಂದೇ ಬಾಟಲಿ ನಾಲ್ಕು ಸ್ಮಾಲ್ ಪೆಗ್‌ಗೆ ಸಮ. ಅದೇ ಅಳತೆಯ, ಶೇ 5ರ ಮೈಲ್ಡ್ ಬಿಯರ್ ಆದರೆ ಎರಡೂವರೆ ಪೆಗ್. ಎರಡು ಸ್ಟ್ರಾಂಗ್ ಬಿಯರ್ ಮುಗಿಸಿ ‘ನಾನು ಹಾಟ್ ಮುಟ್ಟೋದೇ ಇಲ್ಲ’ ಎಂದು ಹೇಳುವ ಮನುಷ್ಯ, ಕ್ವಾರ್ಟರ್ ಮುಗಿಸಿದವನಿಗಿಂತ ಎರಡು ಪೆಗ್ ಮುಂದಿರುತ್ತಾನೆ. ಕಾಕ್‌ಟೇಲ್ ಇನ್ನೂ ಮೋಸ. ಲಾಂಗ್ ಐಲ್ಯಾಂಡ್ ಐಸ್ ಟೀ ನೋಡಲು ಚಹಾ, ಕುಡಿಯಲು ಸಿಹಿ. ಒಳಗಿರುವುದು ವೋಡ್ಕಾ, ಜಿನ್, ರಮ್, ಟಕೀಲಾ, ಟ್ರಿಪಲ್ ಸೆಕ್ ಐದೂ. ಮೊದಲ ಸಲ ಕುಡಿಯಲು ಬಂದವರು ಇದನ್ನು ಕೇಳಿದರೆ ಒಳಗೇನಿದೆ ಎಂದು ಹೇಳಿಯೇ ಆರ್ಡರ್ ತೆಗೆದುಕೊಳ್ಳಿ. ಅದನ್ನು ತಿಳಿಯುವ ಹಕ್ಕು ಅವರಿಗಿದೆ.

ಈಗ ಹೊಟ್ಟೆಯೊಳಗೆ ಹೋಗೋಣ. ಅನ್ನದಂತೆ ಮದ್ಯ ಜೀರ್ಣವಾಗಬೇಕಿಲ್ಲ. ನೇರವಾಗಿ ರಕ್ತಕ್ಕೆ ಸೇರುತ್ತದೆ. ಸುಮಾರು ಐದನೇ ಒಂದು ಭಾಗ ಜಠರದಿಂದಲೇ ಹೋಗುತ್ತದೆ, ಉಳಿದದ್ದು ಸಣ್ಣ ಕರುಳಿನಿಂದ. ಕರುಳು ಬಹು ವೇಗವಾಗಿ ಹೀರುತ್ತದೆ. ಹಾಗಾಗಿ ಜಠರದಿಂದ ಕರುಳಿಗೆ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಮೇಲೆ ಅಮಲು ಏರುವ ವೇಗ ನಿಂತಿದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ರಕ್ತದಲ್ಲಿ ಮದ್ಯ ತುತ್ತತುದಿಗೆ ಏರುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ, ಪನೀರ್, ಕೋಳಿ, ಎಣ್ಣೆ ಪದಾರ್ಥ ಏನಾದರೂ ಇದ್ದರೆ ಜಠರದ ಬಾಗಿಲು ತಡವಾಗಿ ತೆರೆಯುತ್ತದೆ, ಏರುವುದು ನಿಧಾನವಾಗುತ್ತದೆ. ಗಿರಾಕಿ ಕೂತ ಕೂಡಲೇ ತಿನ್ನಲು ಏನು ಬೇಕೆಂದು ಕೇಳುವುದು ಬಿಲ್ ಬೆಳೆಸುವ ಉಪಾಯವಷ್ಟೇ ಅಲ್ಲ. ಆದರೆ ಬರೀ ಉಪ್ಪು ಶೇಂಗಾ ಇಟ್ಟರೆ ಬಾಯಾರಿಕೆ ಹೆಚ್ಚಿ ಕುಡಿತವೂ ಹೆಚ್ಚುತ್ತದೆ. ಶೇಂಗಾದ ಪಕ್ಕದಲ್ಲಿ ಕೇಳದೆಯೇ ನೀರಿನ ಜಗ್ ಇರಲಿ.

ರಕ್ತಕ್ಕೆ ಸೇರಿದ್ದನ್ನು ಹೊರಹಾಕುವ ಕೆಲಸ ಬಹುಪಾಲು ಲಿವರ್‌ನದು. ಅಲ್ಲಿನ ಕಿಣ್ವಗಳು ಎಥನಾಲನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಆಮೇಲೆ ಅಪಾಯವಿಲ್ಲದ ಅಸಿಟೇಟ್ ಆಗಿ ಒಡೆಯುತ್ತವೆ. ಉಸಿರು, ಮೂತ್ರ, ಬೆವರಿನಲ್ಲಿ ಹಾಗೆಯೇ ಹೊರಹೋಗುವುದು ಬಹಳ ಸ್ವಲ್ಪ. ಪೊಲೀಸರ ಊದುವ ಯಂತ್ರ ಹಿಡಿಯುವುದು ಉಸಿರಿನಲ್ಲಿರುವ ಆ ಸ್ವಲ್ಪವನ್ನೇ. ಲಿವರ್ ಒಂದೇ ಕೌಂಟರಿನ ರೇಷನ್ ಅಂಗಡಿಯಂತೆ: ಸಾಲು ಹತ್ತು ಜನರದಿರಲಿ, ನೂರು ಜನರದಿರಲಿ, ಕೌಂಟರ್ ಅದೇ ವೇಗದಲ್ಲಿ ಸಾಗುತ್ತದೆ. ಸಾಮಾನ್ಯವಾಗಿ ಗಂಟೆಗೆ 7ರಿಂದ 10 ಗ್ರಾಂ, ಅಂದರೆ ಹೆಚ್ಚೆಂದರೆ ಒಂದು ಸ್ಮಾಲ್ ಪೆಗ್. ಕಾಫಿ, ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ, ವಾಂತಿ, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ನಿದ್ದೆ ಓಡಿಸೀತು. ಆಗ ನಿಮ್ಮ ಮುಂದಿರುವುದು ಎಚ್ಚರವಾಗಿರುವ ಕುಡುಕ, ಅಷ್ಟೇ. ನಿಮ್ಮ ಕೆಲಸದ ತಿರುಳು ಈ ಗಂಟೆಯ ಲೆಕ್ಕದಲ್ಲಿದೆ.

ಕಾನೂನಿನ ಮಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯವಿದ್ದರೆ ಗಾಡಿ ಓಡಿಸುವುದು ಅಪರಾಧ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಅಂದಾಜಿಗೆ ಬಳಕೆಯಲ್ಲಿದೆ. ಅದರಂತೆ 70 ಕೆಜಿ ತೂಕದ ಗಂಡಸಿಗೆ ಒಂದು ಸ್ಮಾಲ್ ಪೆಗ್ ರಕ್ತದಲ್ಲಿ ಸುಮಾರು 21 ಮಿಲಿಗ್ರಾಂ ಏರಿಸುತ್ತದೆ. ಎರಡನೆಯದನ್ನು ಬೆನ್ನಿಗೇ ಕುಡಿದರೆ ಮಿತಿ ದಾಟಿದಂತೆ. ಹೆಂಗಸರ ದೇಹದಲ್ಲಿ ನೀರಿನಂಶ ಕಡಿಮೆ. 55 ಕೆಜಿ ತೂಕದವರಿಗೆ ಒಂದೇ ಪೆಗ್‌ಗೆ 33 ಮಿಲಿಗ್ರಾಂ ಬರಬಹುದು. ರಕ್ತದಲ್ಲಿನ ಮದ್ಯ ಇಳಿಯುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ. ಅದೇ 70 ಕೆಜಿಯ ಮನುಷ್ಯ ರಾತ್ರಿ ಒಂಬತ್ತಕ್ಕೆ ಶುರುಮಾಡಿ ಹನ್ನೊಂದಕ್ಕೆ ಹಾಫ್ ಬಾಟಲಿ ಮುಗಿಸಿದ ಎಂದಿಟ್ಟುಕೊಳ್ಳಿ. ಮಲಗಿ, ಎದ್ದು, ಸ್ನಾನ ಮಾಡಿ, ಇಡ್ಲಿ ತಿಂದು ಬೆಳಿಗ್ಗೆ ಎಂಟಕ್ಕೆ ಬೈಕ್ ಹತ್ತುವಾಗಲೂ ಅವನ ರಕ್ತದಲ್ಲಿ 100 ಮಿಲಿಗ್ರಾಮಿನ ಆಸುಪಾಸು ಉಳಿದಿರುತ್ತದೆ, ಮಿತಿಯ ಮೂರು ಪಟ್ಟು. ಇವೆಲ್ಲ ಅಂದಾಜುಗಳು, ದೇಹದಿಂದ ದೇಹಕ್ಕೆ ಬೇರೆ. ಆದ್ದರಿಂದ ‘ಇಷ್ಟು ಕುಡಿದರೆ ಓಡಿಸಬಹುದು’ ಎಂದು ಯಾವ ಗಿರಾಕಿಗೂ ಹೇಳಬೇಡಿ. ಕುಡಿದವರು ಓಡಿಸಬಾರದು, ಅಷ್ಟೇ ಹೇಳಿ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ ದಂಡ 10,000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು. ಬೆಂಗಳೂರಿನ ಗಿರಾಕಿಗೆ ಈ ಮಾತು ಬೇಗ ನಾಟುತ್ತದೆ.

ಇನ್ನು ಮೆದುಳು. ಮದ್ಯ ಮೊದಲು ಸಡಿಲಿಸುವುದು ಹಣೆಯ ಹಿಂದಿನ ಭಾಗವನ್ನು. ಯಾವ ಮಾತು ಆಡಬೇಕು, ಯಾವುದನ್ನು ನುಂಗಬೇಕು ಎಂದು ತೀರ್ಮಾನಿಸುವ ಭಾಗ ಅದು. ಹಾಗಾಗಿ ಮೊದಲ ಲಕ್ಷಣ ಕಾಣಿಸುವುದು ಕಾಲಲ್ಲಿ ಅಲ್ಲ, ದನಿಯಲ್ಲಿ. ಮಾತು ಜೋರಾಗುತ್ತದೆ, ನಗು ಏರುತ್ತದೆ, ಪಕ್ಕದ ಟೇಬಲಿನವರ ಜೊತೆ ಸಲಿಗೆ ಶುರುವಾಗುತ್ತದೆ, ಬಾಯಿಂದ ಬರುವ ಆರ್ಡರ್ ದೊಡ್ಡದಾಗುತ್ತದೆ. ಆಮೇಲೆ ಹಿಂಮೆದುಳಿನ ಸರದಿ: ನಾಲಿಗೆ ತೊದಲುತ್ತದೆ, ನೋಟು ಎಣಿಸಲು ಬರುವುದಿಲ್ಲ, ಸಿಗರೇಟಿನ ತುದಿ ಲೈಟರಿಗೆ ಸಿಗುವುದಿಲ್ಲ, ವಾಶ್‌ರೂಮಿಗೆ ಹೋಗುವಾಗ ಕೈ ಕುರ್ಚಿಗಳ ಬೆನ್ನು ಹುಡುಕುತ್ತದೆ. ಕೊನೆಯಲ್ಲಿ ಉಸಿರಾಟ ನಡೆಸುವ ಮೆದುಳಿನ ಕಾಂಡವೇ ಮಂಕಾಗುತ್ತದೆ. ದಿನವೂ ಕುಡಿದು ಅಭ್ಯಾಸವಾದವರಲ್ಲಿ ಈ ಲಕ್ಷಣಗಳು ತಡವಾಗಿ ಕಾಣುತ್ತವೆ. ಸ್ಟಡಿಯಾಗಿ ನಿಂತಿದ್ದಾನೆಂದರೆ ರಕ್ತದಲ್ಲಿ ಮದ್ಯ ಕಡಿಮೆಯಿದೆ ಎಂದರ್ಥವಲ್ಲ. ಇಂಥವರ ವಿಷಯದಲ್ಲಿ ಕಣ್ಣನ್ನು ನಂಬಬೇಡಿ, ಯೂನಿಟ್ ಲೆಕ್ಕವನ್ನು ನಂಬಿ.

ಲೆಕ್ಕ ಇಡುವುದು ಸುಲಭ. ಆರ್ಡರ್ ಬರೆಯುವಾಗ ಮೂಲೆಯಲ್ಲಿ ಹೊತ್ತು ಬರೆದುಕೊಳ್ಳಿ. ಗಂಟೆಗೆ ಒಬ್ಬರಿಗೆ ಎಷ್ಟು ಯೂನಿಟ್ ಹೋಯಿತೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ವೇಗ ಹೆಚ್ಚಿದೆ ಅನ್ನಿಸಿದರೆ ಜಗಳಕ್ಕೆ ಹೋಗದೆ ನಿಧಾನ ಮಾಡುವ ದಾರಿಗಳು ಬೇಕಾದಷ್ಟಿವೆ. ಗ್ಲಾಸ್ ಪೂರ್ತಿ ಖಾಲಿಯಾಗುವ ಮೊದಲೇ ರಿಪೀಟ್ ಕೇಳಬೇಡಿ. ಗಿರಾಕಿ ಸ್ಮಾಲ್ ಅಂದಾಗ ‘ಲಾರ್ಜ್ ಮಾಡ್ಬಿಡ್ಲಾ’ ಅನ್ನಬೇಡಿ. ನೀರು ತುಂಬಿಸಿ, ಬಿಸಿ ತಿಂಡಿ ತನ್ನಿ, ಊಟದ ಮೆನು ಮುಂದಿಡಿ. ಪೆಗ್ಗನ್ನು ಕಣ್ಣಂದಾಜಿನಲ್ಲಿ ಸುರಿಯಬೇಡಿ. ಗುರುತಿನವರೆಂದು ಕೈ ಧಾರಾಳ ಮಾಡಿದರೆ ನಿಮ್ಮ ಲೆಕ್ಕವೂ ತಪ್ಪುತ್ತದೆ, ಅವರ ಲೆಕ್ಕವೂ ತಪ್ಪುತ್ತದೆ.

ನಿಲ್ಲಿಸಲೇಬೇಕಾದ ಹೊತ್ತು ಬರುತ್ತದೆ, ಆಗ ಹೊಸಬರಿಗೆ ನಾಲಿಗೆ ಒಣಗುತ್ತದೆ. ಮಾಡಬೇಕಾದ್ದು ಇಷ್ಟು. ಮೊದಲು ಕ್ಯಾಪ್ಟನ್‌ಗೆ, ಕೌಂಟರಿಗೆ ತಿಳಿಸಿ. ಇಲ್ಲದಿದ್ದರೆ ನೀವು ಇಲ್ಲವೆಂದ ಪೆಗ್ಗನ್ನು ಇನ್ನೊಬ್ಬ ತಂದಿಡುತ್ತಾನೆ. ಆಮೇಲೆ ಎದುರಿಗೆ ನಿಲ್ಲದೆ ಪಕ್ಕಕ್ಕೆ ಹೋಗಿ, ಸ್ವಲ್ಪ ಬಾಗಿ, ಅವರಿಗೊಬ್ಬರಿಗೇ ಕೇಳುವಷ್ಟು ದನಿಯಲ್ಲಿ ಹೇಳಿ: ‘ಸರ್, ಇವತ್ತಿಗೆ ಇನ್ನು ಡ್ರಿಂಕ್ ಕೊಡೋಕಾಗಲ್ಲ. ಊಟ ತರ್ತೀನಿ, ಹೊರಡೋವಾಗ ಆಟೋ ನಾನೇ ಕರೆಸ್ತೀನಿ.’ ‘ನಿಮಗೆ ಜಾಸ್ತಿಯಾಗಿದೆ’ ಎಂಬ ಮಾತು ಬೇಡ. ಸ್ನೇಹಿತರ ಮುಂದೆ ಮಾನ ಹೋಯಿತು ಎನ್ನಿಸಿದರೆ ಒಳ್ಳೆಯವನೂ ಗಲಾಟೆಗೆ ನಿಲ್ಲುತ್ತಾನೆ. ವಾದಕ್ಕೆ ಎಳೆದರೆ ವಾದಿಸಬೇಡಿ, ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿ. ಮೈ ಮುಟ್ಟಬೇಡಿ. ಆ ಗುಂಪಿನಲ್ಲಿ ಕಡಿಮೆ ಕುಡಿದವರು ಒಬ್ಬರಾದರೂ ಇರುತ್ತಾರೆ. ಅವರನ್ನು ಕರೆದು ಬೈಕಿನ ಕೀ ಅವರ ಕೈಗೆ ಸೇರುವಂತೆ ನೋಡಿಕೊಳ್ಳಿ. ಕೊಟ್ಟು ಗಳಿಸುವ ಟಿಪ್ಸಿಗಿಂತ ನಿಲ್ಲಿಸಿ ಕಳೆದುಕೊಳ್ಳುವ ಟಿಪ್ಸ್ ದೊಡ್ಡದು ಎಂದು ನಾನು ನಂಬಿದ್ದೇನೆ.

ವಯಸ್ಸಿನ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಕರ್ನಾಟಕದ ಅಬಕಾರಿ ಪರವಾನಗಿ ನಿಯಮಗಳು 21 ತುಂಬದವರಿಗೆ ಮದ್ಯ ಮಾರುವುದನ್ನು ತಡೆಯುತ್ತವೆ. 18ರೊಳಗಿನ ಮಕ್ಕಳಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ, ಹುಟ್ಟಿದ ದಿನಾಂಕ ಓದಿ. ಓದಲೆಂದು ಸಿಡ್ನಿಗೋ ಮೆಲ್ಬರ್ನಿಗೋ ಹೋಗುವ ನಮ್ಮ ಮಕ್ಕಳು ಅಲ್ಲಿ ಪಾರ್ಟ್‌ಟೈಮಾಗಿ ಬಡಿಸಲು ನಿಂತರೆ ಆರ್‌ಎಸ್‌ಎ ಎಂಬ ತರಬೇತಿಯ ಸರ್ಟಿಫಿಕೇಟ್ ಪಡೆಯಬೇಕು. ಅಲ್ಲಿ ಕಲಿಸುವುದರ ಸಾರವೂ ಇದೇ: ಯೂನಿಟ್, ಲಕ್ಷಣ, ವಯಸ್ಸು, ಇಲ್ಲವೆನ್ನುವ ರೀತಿ.

ಮಾತ್ರೆಗಳ ಬಗ್ಗೆ ಒಂದು ಮಾತು. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಉಸಿರಾಟ ಕುಸಿಯಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಕುಡಿದರೆ ಮುಖ ಕೆಂಪೇರಿ ವಾಂತಿ, ಎದೆಬಡಿತ ಬರಬಹುದು. ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರ ವಿಷಯ ಇನ್ನೂ ಸೂಕ್ಷ್ಮ. ಮದ್ಯ ಒಡೆಯುವುದರಲ್ಲಿ ಮುಳುಗಿದ ಲಿವರ್ ರಕ್ತಕ್ಕೆ ಸಕ್ಕರೆ ಬಿಡುವುದನ್ನು ತಗ್ಗಿಸುತ್ತದೆ, ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಬೆವರು, ನಡುಕ, ತೊದಲು, ತೂರಾಟ: ನೋಡಿದವರು ‘ಟೈಟ್ ಆಗಿದ್ದಾನೆ’ ಅಂದುಕೊಂಡು ಬಿಟ್ಟುಬಿಡುತ್ತಾರೆ. ಕಡಿಮೆ ಕುಡಿದವರು ಹೀಗಾದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ. ಪ್ರಜ್ಞೆ ಇದ್ದರೆ ಸಕ್ಕರೆ ನೀರು ಕೊಡಿ.

ಟೇಬಲಿನ ಮೇಲೆ ತಲೆಯಿಟ್ಟು ಮಲಗಿದವರನ್ನು ‘ಇಳಿಯಲಿ ಬಿಡು’ ಎಂದು ಮೂಲೆಗೆ ಒರಗಿಸುವ ರೂಢಿ ನಮ್ಮಲ್ಲಿದೆ. ಅದು ಅಪಾಯ. ಕೊನೆಯ ಗ್ಲಾಸ್ ಹೊಟ್ಟೆಯಲ್ಲಿದ್ದು, ಮಲಗಿದ ಮೇಲೂ ರಕ್ತದಲ್ಲಿ ಮದ್ಯ ಏರುತ್ತಲೇ ಇರುತ್ತದೆ. ಜೋರಾಗಿ ಕರೆದು ಭುಜ ತಟ್ಟಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಅಥವಾ ನಡುನಡುವೆ ಹತ್ತು ಸೆಕೆಂಡ್ ನಿಂತರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ, ಅದು ನಿದ್ದೆಯಲ್ಲ, ವಿಷವೇರಿದೆ. ತಕ್ಷಣ 108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಬೇಡಿ, ವಾಂತಿ ಉಸಿರಿನ ಕೊಳವೆಗೆ ಹೋಗಿ ಸಾಯುವವರಿದ್ದಾರೆ. ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ಬಾಯಿ ನೆಲದ ಕಡೆ ಇರುವಂತೆ ಮಾಡಿ. ಬಾಯಿಗೆ ಏನನ್ನೂ ಹಾಕಬೇಡಿ. ಆಂಬುಲೆನ್ಸ್ ಬರುವವರೆಗೆ ಒಬ್ಬರು ಪಕ್ಕದಲ್ಲೇ ಇರಿ.

ದೀರ್ಘಕಾಲದ ಹಾನಿಯ ಪಟ್ಟಿ ಉದ್ದವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2023ರ ಜನವರಿಯಲ್ಲಿ ಆ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಹೇಳಿತು. ಬೆಳಿಗ್ಗೆ ಶಟರ್ ಎತ್ತುವಾಗಲೇ ನಡುಗುವ ಕೈಯಲ್ಲಿ ಬಂದು ನಿಲ್ಲುವ ಗಿರಾಕಿ ಕಾಯಿಲೆಯವನು. ಅವನನ್ನು ಗೇಲಿ ಮಾಡಬೇಡಿ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು, ಅವರು ಬಿಡಬೇಕಾದದ್ದು ವೈದ್ಯರ ನೆರವಿನಿಂದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮಾತು ಗಿರಾಕಿಗಳಿಗಷ್ಟೇ ಅಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ದಣಿವು ಕಳೆಯಲೆಂದು ಒಂದು ಪೆಗ್ ಶುರುಮಾಡುವ ಅಭ್ಯಾಸ ಈ ಕೆಲಸದಲ್ಲಿರುವವರಿಗೆ ಬೇಗ ಅಂಟುತ್ತದೆ. ನಿಮಗಾಗಲಿ, ಜೊತೆಯವರಿಗಾಗಲಿ ಅದು ಕೈಮೀರುತ್ತಿದೆ ಅನ್ನಿಸಿದರೆ ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಎರಡನ್ನೂ 108ರ ಜೊತೆ ಇಂದೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಕೌಂಟರಿನ ಹಿಂದಿನ ಗೋಡೆಗೂ ಬರೆದು ಅಂಟಿಸಿ.