ಆಮೆ ತರುವ ಮುನ್ನ ತೊಟ್ಟಿ ಸಿದ್ಧವಿರಲಿ

ಅಕ್ವೇರಿಯಂ ಅಂಗಡಿಯಲ್ಲಿ ನಾಣ್ಯದಗಲದ ಹಸಿರು ಆಮೆಮರಿ ಕಂಡರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಪ್ಲಾಸ್ಟಿಕ್ ತೆಂಗಿನಮರವಿರುವ ಪುಟ್ಟ ಡಬ್ಬಿಯ ಸಮೇತ ಅದು ಮನೆಗೆ ಬರುತ್ತದೆ. ಕಣ್ಣ ಹಿಂದೆ ಕೆಂಪು ಪಟ್ಟೆಯಿರುವ ಇದು ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆಯ ‘ರೆಡ್ ಇಯರ್ಡ್ ಸ್ಲೈಡರ್’. ಕೆಲವೇ ವರ್ಷಗಳಲ್ಲಿ ತಟ್ಟೆಯಗಲ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಇಂದು ಹಠ ಹಿಡಿದ ಮಗು ಮದುವೆಯಾಗಿ ಹೋದ ಮೇಲೂ ಆಮೆ ನಿಮ್ಮ ಮನೆಯಲ್ಲೇ ಇದ್ದೀತು. ಒಪ್ಪಿಗೆಯೇ? ಹಾಗಿದ್ದರೆ ಮುಂದೆ ಓದಿ.

1. ಯಾವ ಆಮೆ ಬೇಡ?
ಚಿಕ್ಕಬಳ್ಳಾಪುರ–ಕೋಲಾರ ಸೀಮೆಯ ಕುರುಚಲು ಕಾಡಿನ ನಕ್ಷತ್ರ ಆಮೆಯನ್ನು ಅದೃಷ್ಟದ ಆಸೆಗೆ ಮನೆಯಲ್ಲಿಟ್ಟುಕೊಳ್ಳುವವರಿದ್ದಾರೆ. ಅದೂ ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆಯೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು, ಕನಿಷ್ಠ ₹25 ಸಾವಿರ ದಂಡ. ಈ ಜೀವಿಗಳ ಕಳ್ಳಸಾಗಣೆ ದೇಶದ ಗಡಿಯನ್ನೂ ದಾಟಿದೆ: ಸಿಂಗಪುರದಲ್ಲಿ ರಕ್ಷಿಸಲಾಗಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರ್‌ನಲ್ಲಿ ವಿಮಾನವೇರಿ ಬೆಂಗಳೂರಿಗೆ ಮರಳಿದ್ದವು. ಹೊಲದಲ್ಲೋ ರಸ್ತೆಯಲ್ಲೋ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ.

2. ತೊಟ್ಟಿ ಎಷ್ಟು ದೊಡ್ಡದು?
ಚಿಪ್ಪಿನ ಉದ್ದ ಒಂದು ಇಂಚಿಗೆ ಸುಮಾರು 40 ಲೀಟರ್ ನೀರು. ನಾಲ್ಕು ಇಂಚಿನ ಆಮೆಗೆ 160 ಲೀಟರ್. ಪೂರ್ತಿ ಬೆಳೆದದ್ದಕ್ಕೆ 400 ಲೀಟರ್‌ವರೆಗೂ ಬೇಕು. ಗಾಜಿನದೇ ಆಗಬೇಕಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ ಅಥವಾ ಸಿಮೆಂಟ್ ತೊಟ್ಟಿಯೂ ಸಾಕು. ನೀರಿನ ಆಳ ಚಿಪ್ಪಿನ ಉದ್ದದ ಎರಡರಷ್ಟಿರಲಿ, ಅಂಚು ನೀರಿನಿಂದ ಅರ್ಧ ಅಡಿಯಾದರೂ ಮೇಲಿರಲಿ. ಆಮೆ ಹತ್ತಿ ಇಳಿಯುವುದರಲ್ಲಿ ನಿಸ್ಸೀಮ.

3. ಬಿಸಿಲು ಕಾಯಲು ಕಲ್ಲು
ಒರಟು ಮೈಯ ಚಪ್ಪಡಿ ಕಲ್ಲೊಂದನ್ನು ನೀರಿನಿಂದ ಮೇಲೆ ಅಲುಗಾಡದಂತೆ, ಇಳಿಜಾರಾಗಿ ಕೂರಿಸಿ. ಬೆಳಗಿನ ಬಿಸಿಲು ಬಿದ್ದರೆ ಆಮೆ ಅದರ ಮೇಲೇರಿ, ಕತ್ತು ನೀಟಿ, ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಿ ಮಲಗುತ್ತದೆ. ಸೋಮಾರಿತನವಲ್ಲ ಇದು. ಬಿಸಿಲಿನ ಯುವಿಬಿ ಕಿರಣ ಮೈಗೆ ತಾಗಿದರಷ್ಟೇ ಚಿಪ್ಪಿಗೆ ಕ್ಯಾಲ್ಸಿಯಂ ಹತ್ತುವುದು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಈ ಕೆಲಸಕ್ಕೆ ಬಾರದು. ತೊಟ್ಟಿ ಒಳಗಿದ್ದರೆ ಯುವಿಬಿ ದೀಪವನ್ನು ದಿನಕ್ಕೆ 10–12 ಗಂಟೆ ಉರಿಸಬೇಕು. ಹೊರಗಿದ್ದರೆ ಅರ್ಧ ಭಾಗಕ್ಕೆ ನೆರಳು, ಬೆಕ್ಕು–ಕಾಗೆ ಬಾರದಂತೆ ಬಲೆ ಇರಲಿ.

4. ಧನುರ್ಮಾಸದ ಚಳಿ
ನೀರಿನ ಉಷ್ಣತೆ 24ರಿಂದ 28 ಡಿಗ್ರಿ, ಕಲ್ಲಿನ ಮೇಲೆ 30–32 ಡಿಗ್ರಿ ಇರಬೇಕು. ನಂದಿಬೆಟ್ಟದ ಆಸುಪಾಸಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿ ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಆಗ ಕವಚವಿರುವ ಅಕ್ವೇರಿಯಂ ಹೀಟರ್ ಬೇಕು. ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಯಿರಿ.

5. ನೀರು
ಆಮೆ ತಿನ್ನುವುದೂ ವಿಸರ್ಜಿಸುವುದೂ ಅದೇ ನೀರಿನಲ್ಲಿ. ತೊಟ್ಟಿಯ ಅಳತೆಗಿಂತ ದುಪ್ಪಟ್ಟು ನೀರಿಗೆ ಹೇಳಿ ಮಾಡಿಸಿದ ಫಿಲ್ಟರ್ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹಾರಿಹೋಗಲು ಒಂದು ದಿನ ತೆರೆದಿಡಿ. ತೆಗೆದ ನೀರು ಹೂಕುಂಡಗಳಿಗೆ ಒಳ್ಳೆಯ ಗೊಬ್ಬರ.

6. ಊಟ
ಮರಿಗೆ ದಿನವೂ, ದೊಡ್ಡದಕ್ಕೆ ಎರಡು ದಿನಕ್ಕೊಮ್ಮೆ. ಆಮೆಯ ತಲೆಯಷ್ಟು ಪೆಲೆಟ್ (ಕಾಳಿನಂಥ ಆಮೆ ಆಹಾರ) ಸಾಕು. ಬೆಳೆದಂತೆ ಸೊಪ್ಪು ಹೆಚ್ಚಿಸಿ. ಶಿಡ್ಲಘಟ್ಟದವರಿಗೆ ಹಿಪ್ಪುನೇರಳೆ ಸೊಪ್ಪು ಕೈಗೆಟುಕುವಷ್ಟು ಹತ್ತಿರ. ಅದು ಆಮೆಗೂ ಒಳ್ಳೆಯದು. ಆದರೆ ಪಕ್ಕದ ದ್ರಾಕ್ಷಿ, ಟೊಮೆಟೊ ತೋಟಕ್ಕೆ ಔಷಧಿ ಹೊಡೆದಿದ್ದರೆ ಬೇಡ. ರೇಷ್ಮೆಹುಳುವಿಗೆ ಆಗದ ಸೊಪ್ಪು ಆಮೆಗೂ ಆಗದು. ರೇಷ್ಮೆಗೂಡಿನ ನೂಲು ಬಿಚ್ಚುವಲ್ಲಿ ಸಿಗುವ ಪ್ಯೂಪಾದಲ್ಲಿ ಕೊಬ್ಬು ಹೆಚ್ಚು. ಹಾಗಾಗಿ ಅಪರೂಪಕ್ಕೆ ಒಂದೆರಡು ಸಾಕು. ಅನ್ನ, ಬ್ರೆಡ್, ಹಾಲು ಕೊಡಬೇಡಿ.

7. ಆರೋಗ್ಯ
ಊದಿದ ಕಣ್ಣು, ಮೆತ್ತಗಾದ ಚಿಪ್ಪು, ಒಂದೇ ಕಡೆ ವಾಲಿ ಈಜುವುದು, ಮೂಗಿನಲ್ಲಿ ಗುಳ್ಳೆ: ಇವುಗಳಲ್ಲಿ ಯಾವುದು ಕಂಡರೂ ಪಶುವೈದ್ಯರಿಗೆ ತೋರಿಸಿ. ನೋಡಲು ಆರೋಗ್ಯವಾಗಿರುವ ಆಮೆಯೂ ಸಾಲ್ಮೊನೆಲ್ಲಾ ರೋಗಾಣು ಹೊತ್ತಿರಬಹುದು. ಮಕ್ಕಳಿಗೆ ಅದು ಹರಡುತ್ತದೆಂದೇ ಅಮೆರಿಕ 1975ರಲ್ಲಿ ನಾಲ್ಕಿಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ.

ಕೆರೆಗೆ ಬಿಡಬೇಡಿ
ಸಾಕಲಾಗದೆ ಬೇಸತ್ತವರು ಪುಣ್ಯವೆಂದುಕೊಂಡು ಆಮೆಯನ್ನು ಕೆರೆಗೆ ಬಿಡುತ್ತಾರೆ. ಸ್ಲೈಡರ್ ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಿಟ್ಟ ಒಂದೊಂದು ಸ್ಲೈಡರ್ ಕೂಡ ಅಲ್ಲಿನ ಆಮೆಯ ಊಟಕ್ಕೂ ಬಿಸಿಲುಗಲ್ಲಿಗೂ ಪೈಪೋಟಿ. ಸಾಕಲಾಗದಿದ್ದರೆ ಸಾಕಬಲ್ಲವರ ಕೈಗೆ ಒಪ್ಪಿಸಿ. ಇಷ್ಟೆಲ್ಲ ಕೆಲಸ ಹೆಚ್ಚಾಯಿತು ಎನಿಸಿದರೆ, ಅಂಗಡಿಯಿಂದ ಬರಿಗೈಯಲ್ಲೇ ಹೊರಗೆ ಬನ್ನಿ. ಮಗುವಿನ ಅಳು ಸಂಜೆಯೊಳಗೆ ನಿಲ್ಲುತ್ತದೆ.