ಹಬೆಯಲ್ಲಿ ಬೇಯಿಸುವ ಇಂಗ್ಲಿಷ್ ಪುಡಿಂಗ್ ಮತ್ತು ಹಾಲಿನ ಸಾಸ್



ಸಂಘಕ್ಕೆ ಹಾಲು ಹಾಕುವ ಕೆಲವು ಮನೆಗಳಲ್ಲಿ ಕ್ಯಾನು ತುಂಬಿದರೂ ಮಕ್ಕಳ ಲೋಟ ಖಾಲಿ ಉಳಿಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ಹಾಲು ಇಟ್ಟುಕೊಂಡರೂ ಮಕ್ಕಳು ಕುಡಿಯುವುದಿಲ್ಲ. ಹಾಲನ್ನು ಸಿಹಿ ತಿಂಡಿಯ ಜೊತೆ ಕೊಟ್ಟರೆ ಇಂತಹ ಮಕ್ಕಳೂ ಇಷ್ಟಪಟ್ಟು ತಿನ್ನುತ್ತಾರೆ. ಬ್ರಿಟನ್ನಿನ ಮನೆಗಳಲ್ಲಿಯೂ ಶಾಲೆಗಳ ಮಧ್ಯಾಹ್ನದ ಊಟದಲ್ಲಿಯೂ ಬಹುಕಾಲದಿಂದ ಬಡಿಸುತ್ತ ಬಂದಿರುವ ಸ್ಪಂಜ್ ಪುಡಿಂಗ್ ಅಂತಹ ಒಂದು ತಿಂಡಿ. ಇದಕ್ಕೆ ಓವನ್ ಬೇಡ. ಇಡ್ಲಿ, ಕಡುಬಿನಂತೆ ಹಬೆಯಲ್ಲಿಯೇ ಬೇಯುತ್ತದೆ.

ಹಿನ್ನೆಲೆ

ಹಿಂದೆ ಅಲ್ಲಿ ಪುಡಿಂಗ್ ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಯುವ ನೀರಿನಲ್ಲಿ ಬೇಯಿಸುತ್ತಿದ್ದರು. ಪ್ರಾಣಿಗಳ ಕೊಬ್ಬು ಬಳಸುವ ಪುಡಿಂಗ್‌ಗಳೂ ಇವೆ. ಆದರೆ ಸ್ಪಂಜ್ ಪುಡಿಂಗ್‌ಗೆ ಬೆಣ್ಣೆಯೇ ಆಧಾರ. ಇದರ ಜೊತೆಗೆ ಬಿಸಿ ಕಸ್ಟರ್ಡ್ ಸಾಸ್ ಸುರಿಯುವುದು ವಾಡಿಕೆ. ಮೊದಲು ಕಸ್ಟರ್ಡನ್ನು ಹಾಲು ಮತ್ತು ಮೊಟ್ಟೆಯಿಂದ ಮಾಡುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಎಂಬುವರ ಪತ್ನಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅದಕ್ಕಾಗಿ ಅವರು 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ತಯಾರಿಸಿದರು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವುದೂ ಇದೇ ಬಗೆಯ ಪುಡಿ.

ಬೇಕಾಗುವ ಸಾಮಗ್ರಿಗಳು (6 ಜನರಿಗೆ)

ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಮೈದಾ 100 ಗ್ರಾಂ, ಮೊಟ್ಟೆ 2, ಬೇಕಿಂಗ್ ಪೌಡರ್ 1 ಟೀ ಚಮಚ, ಹಾಲು 2 ದೊಡ್ಡ ಚಮಚ, ಚಿಟಿಕೆ ಉಪ್ಪು, ಗಟ್ಟಿ ಜೋನಿಬೆಲ್ಲ 3 ದೊಡ್ಡ ಚಮಚ.

ಬೆಣ್ಣೆ, ಸಕ್ಕರೆ, ಹಿಟ್ಟು, ಮೊಟ್ಟೆ ಈ ನಾಲ್ಕೂ ಸಮತೂಕ ಇರಬೇಕೆಂಬುದು ಹಳೆಯ ಲೆಕ್ಕ. ಬ್ರಿಟನ್ನಿನಲ್ಲಿ ಜೋನಿಬೆಲ್ಲದ ಜಾಗದಲ್ಲಿ ಗೋಲ್ಡನ್ ಸಿರಪ್ ಹಾಕುತ್ತಾರೆ. ಅದೂ ಸಕ್ಕರೆ ಶುದ್ಧೀಕರಿಸುವಾಗ ಉಳಿಯುವ ಪಾಕದಿಂದ ಮಾಡಿದ್ದೇ. ಜೋನಿಬೆಲ್ಲ ಸಿಗದಿದ್ದರೆ ಬೆಲ್ಲವನ್ನು ಕರಗಿಸಿ, ಸೋಸಿ, ಗಟ್ಟಿ ಪಾಕ ಮಾಡಿಕೊಳ್ಳಿ.

ಮನೆಯಲ್ಲಿ ಕಡೆದ ಬೆಣ್ಣೆಯಾದರೆ ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ನೀರನ್ನು ಚೆನ್ನಾಗಿ ಹಿಂಡಿ ತೆಗೆಯಿರಿ. ಮಜ್ಜಿಗೆ ಉಳಿದರೆ ಹುಳಿ ವಾಸನೆ ಬರುತ್ತದೆ, ಹಿಟ್ಟೂ ನೀರಾಗುತ್ತದೆ.

ಮಾಡುವ ವಿಧಾನ

1. ಸುಮಾರು 1 ಲೀಟರ್ ಹಿಡಿಸುವ ಸ್ಟೀಲ್ ಪಾತ್ರೆಯ ಒಳಗೆಲ್ಲ ಬೆಣ್ಣೆ ಸವರಿ, ತಳಕ್ಕೆ ಜೋನಿಬೆಲ್ಲ ಹಾಕಿ.

2. ಬೆಣ್ಣೆ ಮತ್ತು ಸಕ್ಕರೆಯನ್ನು ಬಿಳುಪಾಗಿ ಹಗುರಾಗುವವರೆಗೆ ಹತ್ತು ನಿಮಿಷ ಚೆನ್ನಾಗಿ ನಾದಿರಿ. ಈ ಹಂತದಲ್ಲಿ ಅವಸರ ಮಾಡಬೇಡಿ. ಬೆಣ್ಣೆಯೊಳಗೆ ಸೇರುವ ಗಾಳಿಯ ಸಣ್ಣ ಗುಳ್ಳೆಗಳೇ ಹಬೆಯಲ್ಲಿ ಹಿಗ್ಗಿ ಪುಡಿಂಗನ್ನು ಉಬ್ಬಿಸುತ್ತವೆ. ಕರಗಿದ ಬೆಣ್ಣೆಯಲ್ಲಿ ಈ ಗುಳ್ಳೆ ನಿಲ್ಲುವುದಿಲ್ಲ.

3. ಮೊಟ್ಟೆಗಳನ್ನು ಕಲಕಿ, ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಒಮ್ಮೆಗೇ ಸುರಿದರೆ ಮಿಶ್ರಣ ಒಡೆಯುತ್ತದೆ.

4. ಮೈದಾ, ಉಪ್ಪು, ಬೇಕಿಂಗ್ ಪೌಡರ್ ಜರಡಿ ಹಿಡಿದು ಹಾಕಿ, ಹಗುರವಾಗಿ ಮಗುಚಿರಿ. ಹೆಚ್ಚು ಕಲಕಿದರೆ ಮೈದಾ ಅಂಟು ಬಿಟ್ಟು ಪುಡಿಂಗ್ ಬಿಗಿಯಾಗುತ್ತದೆ. ಹಾಲು ಸೇರಿಸಿ. ಹಿಟ್ಟು ಚಮಚದಿಂದ ತಾನಾಗಿ ಜಾರಿ ಬೀಳುವ ಹದದಲ್ಲಿರಲಿ.

5. ಪಾತ್ರೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಬೆಣ್ಣೆ ಸವರಿದ ಬಟರ್ ಪೇಪರ್, ಅದರ ಮೇಲೆ ಅಲ್ಯುಮಿನಿಯಂ ಹಾಳೆ ಮುಚ್ಚಿ ದಾರದಿಂದ ಕಟ್ಟಿರಿ. ಹಿಟ್ಟು ಉಬ್ಬಲು ಜಾಗವಿರುವಂತೆ ಹಾಳೆಗಳ ನಡುವೆ ಒಂದು ಮಡಿಕೆ ಬಿಡಿ. ಅಚ್ಚಾದ ದಿನಪತ್ರಿಕೆ ಬಳಸಬೇಡಿ.

6. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಪುಡಿಂಗ್ ಪಾತ್ರೆಯ ಅರ್ಧದವರೆಗೆ ನೀರಿರುವಂತೆ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ. ಮೊದಲ ಮುಕ್ಕಾಲು ಗಂಟೆ ಮುಚ್ಚಳ ತೆಗೆಯಬೇಡಿ. ನಂತರ ನೀರು ಇಂಗಿದ್ದರೆ ಕುದಿಯುವ ನೀರನ್ನೇ ಸೇರಿಸಿ.

7. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಐದು ನಿಮಿಷ ಬಿಟ್ಟು ತಟ್ಟೆಗೆ ಮಗುಚಿ ಹಾಕಿ. ಬೆಲ್ಲದ ಪಾಕ ಮೇಲಿನಿಂದ ಇಳಿಯುತ್ತದೆ.

ಮೊಟ್ಟೆ ತಿನ್ನದವರು ಮೊಟ್ಟೆ ಮತ್ತು ಹಾಲಿನ ಬದಲು ಹುಳಿಯಿಲ್ಲದ ಗಟ್ಟಿ ಮೊಸರು 100 ಗ್ರಾಂ, ಜೊತೆಗೆ ಕಾಲು ಟೀ ಚಮಚ ಅಡಿಗೆ ಸೋಡಾ ಹಾಕಿ. ಬೆಣ್ಣೆಯನ್ನು 75 ಗ್ರಾಂಗೆ ಇಳಿಸಿ, ಮೈದಾವನ್ನು 125 ಗ್ರಾಂಗೆ ಏರಿಸಿ. ಸ್ವಲ್ಪ ಬಿಗಿಯಾದರೂ ರುಚಿ ಕೆಡುವುದಿಲ್ಲ.

ಹಾಲಿನ ಸಾಸ್

ಅರ್ಧ ಲೀಟರ್ ಹಾಲಿಗೆ 2 ದೊಡ್ಡ ಚಮಚ ಕಸ್ಟರ್ಡ್ ಪುಡಿ, 2 ದೊಡ್ಡ ಚಮಚ ಸಕ್ಕರೆ ಸಾಕು. ಪುಡಿಯನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಕದಡಿಕೊಳ್ಳಿ. ಬಿಸಿ ಹಾಲಿಗೆ ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ. ಉಳಿದ ಹಾಲಿಗೆ ಸಕ್ಕರೆ ಹಾಕಿ ಕುದಿಸಿ, ಕದಡಿದ್ದನ್ನು ಸುರಿದು, ಬಿಡದೆ ಕೈಯಾಡಿಸುತ್ತ ಎರಡು ನಿಮಿಷ ಕುದಿಸಿ ಇಳಿಸಿ.

ಗಮನಿಸಬೇಕಾದ ಅಂಶಗಳು

* ಗಿಣ್ಣು ಹಾಲು ಈ ಸಾಸ್‌ಗೆ ಆಗದು. ಕಾಸಿದರೆ ಗಟ್ಟಿಯಾಗುತ್ತದೆ.
* ಕೆಚ್ಚಲು ಬಾವಿಗೆ ಔಷಧ ಕೊಡುತ್ತಿರುವ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದ ದಿನಗಳು ಮುಗಿಯುವವರೆಗೆ ಸಂಘಕ್ಕೂ ಹಾಕಬೇಡಿ, ಮನೆಗೂ ಬಳಸಬೇಡಿ. ಕುದಿಸಿದ ಮಾತ್ರಕ್ಕೆ ಔಷಧದ ಅಂಶ ಹೋಗುವುದಿಲ್ಲ.
* ಉಳಿದ ಸಾಸ್ ಹೊರಗೆ ಬಹಳ ಹೊತ್ತು ಇಡಬೇಡಿ, ಬೇಗ ಹಳಸುತ್ತದೆ.
* ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೊಂದದು.

100 ಗ್ರಾಂ ಬೆಣ್ಣೆಯಲ್ಲಿ ಶೇ. 4 ಕೊಬ್ಬಿರುವ ಸುಮಾರು 2 ಲೀಟರ್ ಹಾಲಿನಷ್ಟು ಕೊಬ್ಬಿರುತ್ತದೆ. ಆದ್ದರಿಂದ ಈ ಪುಡಿಂಗ್ ಹಬ್ಬಕ್ಕೆ, ನೆಂಟರು ಬಂದಾಗ ಮಾಡುವ ತಿಂಡಿಯೇ ಹೊರತು ದಿನನಿತ್ಯದ್ದಲ್ಲ. ಆದರೆ ಸಾಸ್‌ಗೆ ಬೇಕಾದ ಅರ್ಧ ಲೀಟರ್ ಹಾಲು ಮನೆಯಲ್ಲಿ ಪ್ರತಿದಿನವೂ ಉಳಿಯಬೇಕು. ಪುಡಿಂಗ್ ಇಲ್ಲದ ದಿನ ಬಾಳೆಹಣ್ಣಿನ ಮೇಲೆ ಸಾಸ್ ಸುರಿದು ಕೊಡಿ, ಇಲ್ಲವೇ ಹಾಲನ್ನೇ ಕುಡಿಸಿ. ಹಾಲು ಕರೆದ ಕೂಡಲೇ ಮಕ್ಕಳ ಪಾಲನ್ನು ಬೇರೆ ತೆಗೆದಿಟ್ಟು, ನಂತರ ಕ್ಯಾನನ್ನು ಸಂಘಕ್ಕೆ ಕಳುಹಿಸಿ.