ಅಲಾಯಿ ಕುಣಿತದ ಅನಿಮೇಷನ್: ನಡು ಮೊದಲು, ಕೈ ಕೊನೆಗೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಹಲಗೆ ವಾದ್ಯದ ಪೆಟ್ಟಿಗೆ ತಕ್ಕಂತೆ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುತ್ತಾರೆ. ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲಿ ಈ ಕುಣಿತವನ್ನು ಮೂಡಿಸಲು ಹೊರಟವರು ಸಾಮಾನ್ಯವಾಗಿ ಕೈಕಾಲುಗಳಿಂದ ಶುರುಮಾಡುತ್ತಾರೆ. ಆಗ ಪಾತ್ರ ನೆಲದ ಮೇಲೆ ತೇಲಿದಂತೆ ಕಾಣುತ್ತದೆ. ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಮೈಭಾರ ಎಲ್ಲಿದೆ ಎಂಬುದನ್ನು.

1. ಚಿತ್ರೀಕರಣ: ಕುಣಿಯುವವರ ಒಪ್ಪಿಗೆ ಪಡೆದು, ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಸೆಕೆಂಡಿಗೆ 60 ಫ್ರೇಮ್‌ನಂತೆ ಎದುರಿನಿಂದೊಮ್ಮೆ, ಪಕ್ಕದಿಂದೊಮ್ಮೆ ಚಿತ್ರಿಸಿ. ಪಾದ ನೆಲಕ್ಕೆ ತಾಗುವ ಮತ್ತು ಹಲಗೆಗೆ ಪೆಟ್ಟು ಬೀಳುವ ಫ್ರೇಮ್‌ಗಳನ್ನು ಗುರುತಿಸಿಕೊಳ್ಳಿ.

2. ಗುರುತ್ವ ಕೇಂದ್ರ: ನೆಟ್ಟಗೆ ನಿಂತ ವಯಸ್ಕರಲ್ಲಿ ಇದು ನೆಲದಿಂದ ಮೈಯೆತ್ತರದ ಸುಮಾರು ಶೇ 55ರಷ್ಟು ಮೇಲೆ, ಹೊಕ್ಕಳಿಗಿಂತ ತುಸು ಕೆಳಗಿರುತ್ತದೆ. ಅಲ್ಲೊಂದು ಚುಕ್ಕೆ ಇಡಿ. ನಿಂತ ಭಂಗಿಯಲ್ಲಿ ಅಲ್ಲಿಂದ ಇಳಿಬಿಟ್ಟ ಗೆರೆ ಪಾದಗಳು ಮತ್ತು ಅವುಗಳ ನಡುವಿನ ಜಾಗದ ಒಳಗೇ ಬೀಳಬೇಕು.

3. ಹೆಜ್ಜೆ: ಬಲಗಾಲು ಎತ್ತುವ ಮುಂಚೆಯೇ ನಡು ಎಡಕ್ಕೆ ಸರಿಯಲಿ. ಸೆಕೆಂಡಿಗೆ 24 ಫ್ರೇಮ್ ಇದ್ದರೆ ನಾಲ್ಕೈದು ಫ್ರೇಮ್ ಮೊದಲು ಸರಿಸಿ ನೋಡಿ. ಹಲಗೆ ಜೋರಾದಾಗ ಅಷ್ಟು ಸರಿಯಲು ಪುರಸೊತ್ತಿಲ್ಲ: ಮೈ ಒಂದು ಕಡೆ ಬೀಳತೊಡಗುತ್ತದೆ, ಮುಂದಿನ ಹೆಜ್ಜೆ ಅದನ್ನು ತಡೆದು ಹಿಡಿಯುತ್ತದೆ. ಊರಿದ ಪಾದ ಜಾರದಂತೆ ಕಾಲಿಗೆ ಐಕೆ (ಇನ್ವರ್ಸ್ ಕೈನೆಮ್ಯಾಟಿಕ್ಸ್) ಜೋಡಿಸಿ.

4. ಸುತ್ತು: ಕುಣಿಯ ಸುತ್ತ ಓಡುವವರ ಮೈ ಒಳಗಡೆಗೆ ವಾಲುತ್ತದೆ. ಸುತ್ತಿನ ತ್ರಿಜ್ಯ 2 ಮೀಟರ್, ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ ವಾಲು ಸುಮಾರು 11.5 ಡಿಗ್ರಿ. ಸೊಂಟದಿಂದ ಮೇಲಷ್ಟೇ ಬಗ್ಗಿಸಬೇಡಿ, ಹಿಮ್ಮಡಿಯಿಂದಲೇ ಇಡೀ ಮೈ ವಾಲಲಿ.

5. ಜಿಗಿತ: ಪಾತ್ರ 12 ಫ್ರೇಮ್, ಅಂದರೆ ಅರ್ಧ ಸೆಕೆಂಡು ಗಾಳಿಯಲ್ಲಿದ್ದರೆ ನಡುವಿನ ಚುಕ್ಕೆ ಏರಬೇಕಾದದ್ದು ಸುಮಾರು 30 ಸೆಂಟಿಮೀಟರ್. ಆರು ಫ್ರೇಮ್ ಏರಿಕೆ, ಆರು ಇಳಿಕೆ. ನೆಲ ಮುಟ್ಟಿದ ಮೇಲೆ ಮೊಣಕಾಲು ಮಡಚಿ ಭಾರ ತಾಳಿಕೊಳ್ಳಲಿ. ಮಡಚದಿದ್ದರೆ ಜಿಗಿತಕ್ಕೆ ತೂಕವೇ ಬರದು.

6. ಕೈ, ತಲೆ, ವಸ್ತ್ರ: ಇವು ಕೊನೆಗೆ. ಭುಜ ತಿರುಗಿದ ಮೇಲೆ ಒಂದೆರಡು ಫ್ರೇಮ್ ತಡವಾಗಿ ಕೈ ಹಿಂಬಾಲಿಸಲಿ, ಹೆಗಲ ಮೇಲಿನ ಟವೆಲ್ಲು ಇನ್ನೂ ತಡವಾಗಿ.

ಕೆಲಸ ಮುಗಿಯಿತೆನ್ನುವ ಮುನ್ನ ಕೈ, ಮುಖ ಮರೆಮಾಡಿ, ಧ್ವನಿ ನಿಲ್ಲಿಸಿ ಓಡಿಸಿ ನೋಡಿ. ಹಲಗೆಯ ಪೆಟ್ಟು ಎಲ್ಲೆಲ್ಲಿ ಬಿದ್ದಿದೆಯೆಂದು ಕಾಲಿನ ಚಲನೆಯಿಂದಲೇ ಹೇಳಲಾಗದಿದ್ದರೆ ಮೂರನೇ ಹಂತಕ್ಕೆ ಮರಳಿ.